ಕಣ್ಣೀರ ಕೋಡಿಯೂ ಜಕ್ಕೂರ ಕೋಡಿಯೂ

ರಜೆಯ ದಿನ ಬಂದಿತೆಂದರೆ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದೆಂಬ ಚಿಂತೆ ಗೃಹಸ್ಥರೆಲ್ಲರಿಗೂ ಒದಗುವಂಥದು. ಬ್ಯಾಟರಾಯನಪುರದಂತಹ ಊರಿನಲ್ಲಿ ಆ ಚಿಂತೆಗೆ ಎಡೆಯೇ ಇರಬಾರದೆಂದು ನನಗೆ ತೋರುತ್ತದೆ. 2007ರಲ್ಲಿ ಬೆಂಗಳೂರು ಮಹಾನಗರಪಾಲಿಕೆಯೊಡನೆ ಕೂಡಿಹೋಗುವವರೆಗೆ ತನ್ನದೇ ನಗರಸಭೆಯಿದ್ದ ಈ ಊರಿನ ಸುತ್ತ ಎಷ್ಟೊಂದು ಕೆರೆಗಳು! ಅಮೃತಹಳ್ಳಿ, ರಾಚೇನಹಳ್ಳಿ, ಜಕ್ಕೂರು, ಅಲ್ಲಾಳಸಂದ್ರ. ದಕ್ಷಿಣಕ್ಕೆ ಇಳಿದರೆ ಹೆಬ್ಬಾಳ. ಆದರೂ ಸಂಸಾರಸಮೇತ ಹೊರಟವರ ವಾಹನಗಳು ಮಾಲ್‌ಗಳ ನೆಲಮಾಳಿಗೆಯನ್ನೇ ಸೇರುತ್ತವೆ. ಅವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಚೈತ್ರದ ಬಿಸಿಲಿನಲ್ಲಿ ತಣ್ಣನೆಯ ಗಾಳಿ ಯಾರಿಗೆ ಬೇಡ? ನನ್ನ ತಕರಾರು ಕೆರೆಗೇ ಹೋಗುವವರನ್ನು ಕುರಿತದ್ದು.

ಕೆರೆಗೆ ಬಂದವರು ಪ್ರದಕ್ಷಿಣೆ ಹಾಕುತ್ತಾರೆ. ದೇವರಿಲ್ಲದ ಪ್ರದಕ್ಷಿಣೆ. ವೈದ್ಯರು ವಿಧಿಸಿದಷ್ಟು ಹೆಜ್ಜೆಗಳನ್ನು ಎಣಿಸಿ, ಬೆವರೊರೆಸಿಕೊಂಡು ಮನೆಗೆ ಮರಳುತ್ತಾರೆ. ಜೊತೆಯ ಮಗು ಎಲ್ಲಿಯಾದರೂ ನಿಂತು ನೀರಿನತ್ತ ಬೆರಳು ತೋರಿದರೆ, "ನಡಿ, ನಡಿ, ಹೊತ್ತಾಯಿತು" ಎನ್ನುತ್ತಾರೆ. ಮಗು ತೋರಿಸಿದ್ದು ಬಹುಶಃ ಗುಳುಮುಳುಕ ಹಕ್ಕಿ. ಒಂದೆಡೆ ಗುಳುಕ್ಕನೆ ಮುಳುಗಿ ಮತ್ತೊಂದೆಡೆ ತಲೆಯೆತ್ತುವ ಆ ಪುಟ್ಟ ಹಕ್ಕಿಗೆ ಅದಕ್ಕಿಂತ ಒಪ್ಪುವ ಹೆಸರನ್ನು ಯಾವ ಕವಿ ಇಟ್ಟಾನು? ಆ ಹೆಸರನ್ನು ಹೇಳಲು ಅರ್ಧ ನಿಮಿಷ ಸಾಕು.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ನನ್ನ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ವರ್ಷಕ್ಕೆ ಹತ್ತಾರು ಕಡೆ "ಕಣ್ಣೀರ ಕೋಡಿ" ಹರಿಯುತ್ತದೆ. ಕೋಡಿಯೆಂದರೇನೆಂದು ಒಮ್ಮೆ ತರಗತಿಯಲ್ಲಿ ಕೇಳಿದೆ. ಅಳುವುದೇ ಕೋಡಿ ಎಂದು ಒಬ್ಬಳು ನಿಸ್ಸಂಕೋಚವಾಗಿ ಉತ್ತರಿಸಿದಳು, ಉಳಿದವರು ಒಪ್ಪಿದರು. ತುಂಬಿದ ಕೆರೆಯ ಹೆಚ್ಚುವರಿ ನೀರು ಏರಿಯನ್ನು ಒಡೆಯದಂತೆ ಹೊರಗೆ ಹರಿದುಹೋಗಲು ಬಿಟ್ಟ ದಾರಿ ಅದು ಎಂದು ವಿವರಿಸಿದಾಗ ಅವರ ಮುಖದಲ್ಲಿ ಕಂಡ ಅಚ್ಚರಿ ನನ್ನನ್ನು ಚಿಂತೆಗೀಡುಮಾಡಿತು. ಅವರಲ್ಲಿ ಅನೇಕರು ಕೆರೆಯ ಪಕ್ಕದ ಬಡಾವಣೆಗಳಿಂದ ಬರುವವರು. ತುಂಬಿದಾಗ ಜಕ್ಕೂರು ಕೆರೆಯಿಂದ ಹೊರಬೀಳುವ ನೀರು ರಾಚೇನಹಳ್ಳಿಯ ಕೆರೆಯತ್ತ ಸಾಗುವುದನ್ನು ಅವರು ದಿನವೂ ನೋಡಬಹುದಿತ್ತು. ಮಾತು ಉಳಿದಿದೆ, ಅದರ ಬೇರು ನೆಲದಿಂದ ಕಿತ್ತುಹೋಗಿದೆ. ತೂಬು, ಏರಿ, ಅಚ್ಚುಕಟ್ಟು, ನೀರುಗಂಟಿ ಇವುಗಳ ಗತಿಯೂ ಇದೇ. ನಿಘಂಟು ಇವನ್ನು ಕಾಪಾಡೀತು, ನಿಜ. ಆದರೆ ನಿಘಂಟನ್ನು ಹಿಡಿದು ಮಕ್ಕಳು ಆಡಲಾರರು.

ಆದ್ದರಿಂದ ಕೆರೆಯ ವಿಹಾರವನ್ನು ಹಿರಿಯರು ಹೆಸರುಗಳ ವಿಹಾರವನ್ನಾಗಿ ಮಾಡಬೇಕೆಂದು ನನ್ನ ಸೂಚನೆ. ಅಲ್ಲಾಳಸಂದ್ರದ "ಸಂದ್ರ" ಸಮುದ್ರದ ತದ್ಭವ. ಕಟ್ಟಿಸಿದ ಕೆರೆಯನ್ನು ಸಮುದ್ರವೆಂದು ಕರೆಯುವ ಎದೆಗಾರಿಕೆ ನಮ್ಮ ಪೂರ್ವಿಕರಿಗಿತ್ತು. ಕೆರೆ ಕಟ್ಟಿದವರಿಗೆ, ಕೆಟ್ಟರೆ ದುರಸ್ತಿ ಮಾಡುವವರಿಗೆ ಬಿಡುತ್ತಿದ್ದ ಜಮೀನು ಕಟ್ಟುಕೊಡಿಗೆ. ಕೊಡಿಗೇಹಳ್ಳಿಯ ಬಳಿ ಹಾಯುವಾಗ ಈ ಮಾತನ್ನು ನೆನೆಯಬಹುದು. ಹೆಬ್ಬಾಳದಲ್ಲಂತೂ 2018ರಲ್ಲಿ ದೊರೆತ ಕಿತ್ತಯ್ಯನ ವೀರಗಲ್ಲಿನ ಶಾಸನವೇ ಇದೆ. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಈ ಕಲ್ಲು ಊರನ್ನು ಪೆರ್ಬೊಳಲ್ ಎನ್ನುತ್ತದೆ. ಪೆರ್ ಎಂದರೆ ಹಿರಿದು, ಪೊಳಲ್ ಎಂದರೆ ಪಟ್ಟಣ. ಪಕಾರ ಹಕಾರವಾಗುವ ಕ್ರಮವನ್ನು ನಾನು ತರಗತಿಯಲ್ಲಿ ಒಂದು ಗಂಟೆ ಕೊರೆಯುತ್ತೇನೆ. ಆ ಕಲ್ಲಿನೆದುರು ನಿಂತ ತಂದೆ ಅದನ್ನೇ ಎರಡು ಮಾತಿನಲ್ಲಿ ಮುಗಿಸಬಲ್ಲ.

ಕೆರೆಯ ನೀರಿನ ಕಥೆಯನ್ನೂ ಮುಚ್ಚಿಡಬೇಕಾಗಿಲ್ಲ. ಇಂದು ಜಕ್ಕೂರು ಕೆರೆಗೆ ಬರುವ ನೀರಿನ ಬಹುಪಾಲು ನಮ್ಮ ಮನೆಗಳದೇ. ದಿನಕ್ಕೆ ಒಂದು ಕೋಟಿ ಲೀಟರ್ ಸಾಮರ್ಥ್ಯದಿಂದ ಮೊದಲಾದ ಶುದ್ಧೀಕರಣ ಘಟಕವನ್ನು ದಾಟಿ, ಜೊಂಡು ಬೆಳೆದ ಜೌಗಿನಲ್ಲಿ ನಿಧಾನವಾಗಿ ಸಾಗಿ, ಅಲ್ಲಿ ಉಳಿದ ಕೊಳೆಯನ್ನೂ ಬಹುಮಟ್ಟಿಗೆ ಕಳೆದುಕೊಂಡು ಅದು ಕೆರೆಯನ್ನು ಸೇರುತ್ತದೆ. ಅದರಲ್ಲಿ ಮೀನು ಹಿಡಿದು ಬದುಕುವವರಿದ್ದಾರೆ, ಹೆಜ್ಜಾರ್ಲೆಗಳೂ ಅದೇ ಮೀನಿಗೆ ಹೊಂಚುಹಾಕುತ್ತವೆ. ಮಕ್ಕಳು ನೀರಿಗಿಳಿಯುವುದು ಬೇಡ. ಬಚ್ಚಲ ನೀರು ಎಲ್ಲಿಗೆ ಹೋಯಿತೆಂಬುದನ್ನು ಮಾತ್ರ ಅವರು ಕಣ್ಣಾರೆ ಕಾಣಲಿ.

ಇಷ್ಟು ಸಾಲದು, ಮಕ್ಕಳಿಗೆ ವಿನೋದ ಬೇಡವೆ, ದೋಣಿ, ಕಾರಂಜಿ, ತಿಂಡಿಯ ಅಂಗಡಿ ಬೇಡವೆ ಎಂದು ಕೇಳುವವರುಂಟು. ಆ ಹಾದಿಯನ್ನೂ ನಾವು ನೋಡಿದ್ದಾಗಿದೆ. ಹೆಬ್ಬಾಳ, ನಾಗವಾರ ಮೊದಲಾದ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟ ಕ್ರಮವನ್ನು ಪ್ರಶ್ನಿಸಿ 2008ರಲ್ಲಿ ಉಚ್ಚ ನ್ಯಾಯಾಲಯಕ್ಕೆ ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಹೋಯಿತು. ಚೀಟಿ ಕೊಂಡು ಒಳಹೋಗುವ ಕೆರೆಯಲ್ಲಿ ಹುಲ್ಲು ಕೊಯ್ಯುವವಳಿಗೂ ಬಲೆ ಬೀಸುವವನಿಗೂ ಜಾಗವಿರುವುದಿಲ್ಲ. ಅವರಿಲ್ಲದ ಮೇಲೆ ಕೆರೆಯ ಮಾತುಗಳನ್ನು ನಮ್ಮ ಮಕ್ಕಳು ಯಾರ ಬಾಯಿಂದ ಕೇಳಿಯಾರು?

ಪಾಲಿಕೆಯವರಲ್ಲಿ ನನ್ನದೊಂದು ಚಿಕ್ಕ ವಿಜ್ಞಾಪನೆ. ಕೆರೆಗಳ ಬಾಗಿಲಲ್ಲಿ ಫಲಕಗಳಿಗೇನೂ ಕೊರತೆಯಿಲ್ಲ. ಕೂರಬಾರದು, ಆಡಬಾರದು, ಮುಟ್ಟಬಾರದು ಎಂದು ಅವು ಒಂದೇ ಸಮನೆ ಗದರಿಸುತ್ತವೆ. ಅವುಗಳಲ್ಲಿ ಎರಡನ್ನು ಕಿತ್ತು, ಅದೇ ಬಣ್ಣದಲ್ಲಿ, ಒಂದರ ಮೇಲೆ "ತೂಬು" ಎಂದೂ ಇನ್ನೊಂದರ ಮೇಲೆ "ಕೋಡಿ" ಎಂದೂ ಬರೆಯಿಸಿ, ಅವು ಇರುವ ಜಾಗದಲ್ಲೇ ನೆಡಲಿ. ಕಾಗುಣಿತ ತಿದ್ದಿಕೊಡಲು ನಾನು ಸಿದ್ಧ.