ಚೀಸ್‌ಕೇಕ್‌ಗಾಗಿ ನಾಜಿಗಳ ಬೆನ್ನು ಹತ್ತಿದವನು

ಯುದ್ಧಕಾಲದ ಸಿನಿಮಾ ಅಂದ್ರೆ ಎಲ್ಲರ ಬಾಯಲ್ಲೂ ‘ಕಾಸಾಬ್ಲಾಂಕಾ’. ಅದೇ 1942ರ ‘ಆಲ್ ಥ್ರೂ ದಿ ನೈಟ್’ ಹೆಸರೆತ್ತಿದರೆ, ಹೆಣ ಬೀಳುವ ಹೊತ್ತಲ್ಲಿ ಕಳ್ಳರ ಕಾಮಿಡಿ ಬೇಕಿತ್ತಾ ಅಂತ ಮೂಗು ಮುರೀತಾರೆ.

ಬೇಕಿತ್ತು ಅಂತೀವಿ ನಾವು. ನ್ಯೂಯಾರ್ಕಿನ ಜೂಜುಕೋರ ಹಂಫ್ರಿ ಬೋಗಾರ್ಟ್‌ಗೆ ದೇಶಭಕ್ತಿ ಗೀಶಭಕ್ತಿ ಏನಿಲ್ಲ. ಅವನಿಗಿಷ್ಟದ ಚೀಸ್‌ಕೇಕ್ (ಹೆಚ್ಚುಕಡಿಮೆ ನಮ್ಮ ಗಿಣ್ಣಿನಂಥದ್ದು) ಮಾಡುವ ಬೇಕರಿಯವನ ಕೊಲೆಯಾಗುತ್ತೆ. ಕೊಲೆಗಾರನನ್ನು ಹುಡುಕಿ ಹೊರಟರೆ ನಾಜಿ ಗೂಢಚಾರರ ಗುಂಪೇ ಸಿಗುತ್ತೆ. ಅವರ ಗುಪ್ತಸಭೆಗೇ ನುಗ್ಗಿ, ಬಾಂಬ್ ತಜ್ಞನ ಸೋಗಿನಲ್ಲಿ ತಲೆಬುಡವಿಲ್ಲದ ಭಾಷಣ ಬಿಗೀತಾನೆ.

ಅಲ್ಲಿ ನಾಜಿ ಮುಖಂಡನಾದ ಕಾನ್ರಾಡ್ ಫೈಟ್, ಹಿಟ್ಲರ್ ಬಂದ 1933ರಲ್ಲೇ ಯಹೂದಿ ಹೆಂಡತಿ ಜತೆ ಜರ್ಮನಿ ಬಿಟ್ಟ ನಟ. ಅವನ ಬಂಟನಾಗಿರುವ ಪೀಟರ್ ಲಾರಿ ಸ್ವತಃ ಯಹೂದಿ, ಅವನೂ ಅದೇ ವರ್ಷ ಹೊರಟವನು. ಊರು ಬಿಡಿಸಿದವರನ್ನೇ ತೆರೆ ಮೇಲೆ ನಗೆಪಾಟಲು ಮಾಡಿದರು. ಟೈಂಪಾಸ್ ಅನ್ನೋರು ಆ ಸಭೆಯ ಸೀನ್ ನೋಡಿ ಬಂದು ಮಾತಾಡಲಿ.