ಪಾರ್ಸಲ್ ಹಿಡಿಯುವ ಕೈ ಕನ್ನಡದ್ದು, ಎಚ್ಚರಿಕೆ ಮಾತ್ರ ಇಂಗ್ಲಿಷಿನದು!

ಗೆಳೆಯರೇ, 2024ರ ನವೆಂಬರಿನಲ್ಲಿ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ನಡೆದದ್ದು ನೆನಪಿದೆಯೇ? ಕೊರಿಯರಿನಲ್ಲಿ ಒಂದು ಪಾರ್ಸಲ್ ಬಂತು. ಅದರ ಮೇಲೆ ಹೆಸರಿದ್ದಾಕೆ ಊರಲ್ಲಿರಲಿಲ್ಲ. ಅವಳ ಪರವಾಗಿ ಗೆಳತಿ, ತೀರಿಹೋದ ಯೋಧನೊಬ್ಬನ ಹೆಂಡತಿ, ಹೋಗಿ ತಂದಳು. ಬಿಚ್ಚಿದರೆ ಕೂದಲು ಒಣಗಿಸುವ ಹೇರ್ ಡ್ರೈಯರ್. ಪ್ಲಗ್ಗಿಗೆ ಹಾಕಿ ಸ್ವಿಚ್ ಒತ್ತಿದಳು. ಸಿಡಿಯಿತು! ಎರಡೂ ಕೈಗಳು ಛಿದ್ರ. ಅದರೊಳಗೆ ಡಿಟೋನೇಟರ್ ಇಟ್ಟು ಕಳಿಸಲಾಗಿತ್ತು ಎಂದು ಹೇಳಿ ಪೊಲೀಸರು ಪಕ್ಕದ ಕೊಪ್ಪಳ ಜಿಲ್ಲೆಯ ಒಬ್ಬನನ್ನು ಬಂಧಿಸಿದರು.

ಇಳಕಲ್ ಎಲ್ಲೋ, ನಾವೆಲ್ಲೋ ಅನ್ನಬೇಡಿ. ಅದು ಗ್ರಾನೈಟ್ ಊರು. ನಮ್ಮ ರಾಮನಗರ, ಕನಕಪುರ, ಮಾಗಡಿ ಸುತ್ತ ಬಂಡೆ ಒಡೆಯುವವರು ಕಡಿಮೆಯೇ? ಡಿಟೋನೇಟರ್ ಎಂಬ ಮಾತು ನಮ್ಮ ಹಳ್ಳಿ ಹುಡುಗರಿಗೆ ಹೊಸದಲ್ಲ. ಇತ್ತ ಬಿಡದಿ, ಹಾರೋಹಳ್ಳಿಯ ಕಾರ್ಖಾನೆಗಳಿಗೆ, ಚನ್ನಪಟ್ಟಣದ ಬೊಂಬೆ ಮಾಡುವವರಿಗೆ ಬೆಳಗಾದರೆ ಪಾರ್ಸಲ್ಲು. ಅದನ್ನು ಮೊದಲು ಮುಟ್ಟುವವರು ಯಾರು ಸ್ವಾಮಿ? ಎ.ಸಿ. ರೂಮಿನ ಮ್ಯಾನೇಜರ್ ಮಹಾಶಯರಲ್ಲ. ಗೇಟಿನ ಸೆಕ್ಯುರಿಟಿ, ಆಫೀಸಿನ ಹುಡುಗ, ಕಸ ಗುಡಿಸುವ ತಾಯಿ.

ಇವರ ಕಣ್ಣೆದುರಿನ ಗೋಡೆಯಲ್ಲಿ ಏನಿದೆ? ಬಿಲ್ ಬುಕ್ಕು ಕೊಡಲು ನಾನು ಹೋದ ಎಷ್ಟೋ ಗೇಟುಗಳಲ್ಲಿ ಕಂಡದ್ದು ಇಂಗ್ಲಿಷು, ಹಿಂದಿ. ಹೋರಾಡಿ ಹೋರಾಡಿ 2024ರಲ್ಲಿ ನಾಮಫಲಕಕ್ಕೆ ಶೇ. 60 ಕನ್ನಡ ಬರಿಸಿಕೊಂಡೆವು. ಒಳಗೆ, ಜೀವ ಉಳಿಸುವ ನೋಟೀಸಿನಲ್ಲಿ ಸೊನ್ನೆ! ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ನೋಟೀಸು ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಬರೆದಿತ್ತು. ಓದಿದವರು ಯಾರು?

ನನ್ನ ಪೆಚ್ಚುತನವನ್ನೂ ಹೇಳಿಬಿಡುತ್ತೇನೆ. ಒಮ್ಮೆ ನಮ್ಮ ಪ್ರೆಸ್ಸಿಗೆ ಹೆಸರಿಲ್ಲದ ಡಬ್ಬವೊಂದು ಬಂತು. ತಳ ಹರಿದು ಬಿಳಿ ಪುಡಿ ಸುರಿಯುತ್ತಿತ್ತು. ಕೆಲಸದ ಹುಡುಗ ಮೂಸಿ ನೋಡಿದ. ನಾನೋ, ದೊಡ್ಡ ಮನುಷ್ಯ, ಬೆರಳಲ್ಲಿ ಉಜ್ಜಿ ನೋಡಿದೆ! ಕೊನೆಗೆ ಅದು ಅಚ್ಚಾದ ಹಾಳೆಗಳ ಮಸಿ ಒಂದಕ್ಕೊಂದು ಹತ್ತದಂತೆ ಆಫ್‌ಸೆಟ್ ಯಂತ್ರದಲ್ಲಿ ಚಿಮುಕಿಸುವ ಪುಡಿ. ಚೀಟಿ ಕಿತ್ತುಹೋಗಿತ್ತು, ಅಷ್ಟೇ. ನಕ್ಕೆವು. ಆದರೆ ರಾತ್ರಿ ನಿದ್ದೆ ಹತ್ತಲಿಲ್ಲ. 2001ರಲ್ಲಿ ಅಮೆರಿಕದಲ್ಲಿ ಅಂಚೆ ಲಕೋಟೆಗಳಲ್ಲಿ ಆಂಥ್ರಾಕ್ಸ್ ಪುಡಿ ಬಂದು ಐವರು ಸತ್ತರು. ಅವರಲ್ಲಿ ಇಬ್ಬರು ಅಂಚೆ ನೌಕರರು. ಅಲ್ಲೂ ಸತ್ತವರಲ್ಲಿ ಕಾಗದ ಹೊರುವವರಿದ್ದರು.

ಆದ್ದರಿಂದ ಹುಡುಗರೇ, ಕಳಿಸಿದವರ ಹೆಸರಿಲ್ಲದ, ಯಾರೂ ತರಿಸದ, ಎಣ್ಣೆ ಕಲೆ ಬಿದ್ದ, ತಂತಿ ಇಣುಕುವ, ಬೇಡದಷ್ಟು ಟೇಪು ಸುತ್ತಿದ, ಒಂದೇ ಕಡೆ ಭಾರ ಎಳೆಯುವ ಪಾರ್ಸಲ್ ಬಂದರೆ ಬಿಚ್ಚಬೇಡಿ. ಇಳಕಲ್ಲಿನದನ್ನೂ ಯಾರೂ ತರಿಸಿರಲಿಲ್ಲ. ಅಲುಗಾಡಿಸಬೇಡಿ, ಮೂಸಬೇಡಿ, ನೀರಿನ ಬಕೆಟ್ಟಿಗೆ ಅದ್ದುವ ಹುಚ್ಚು ಸಾಹಸವಂತೂ ಬೇಡವೇ ಬೇಡ. ಮೆಲ್ಲಗೆ ಕೆಳಗಿಟ್ಟು, ಎಲ್ಲರನ್ನೂ ಹೊರಗೆ ಕಳಿಸಿ. ದೂರ ಹೋದ ಮೇಲೆ 112ಕ್ಕೆ ಫೋನ್ ಮಾಡಿ. ಪಕ್ಕದಲ್ಲೇ ನಿಂತು ಮೊಬೈಲ್ ಒತ್ತಬೇಡಿ, ಫೋಟೋ ಹೊಡೆಯಬೇಡಿ. ಪುಡಿ ಚೆಲ್ಲಿದ್ದರೆ ಗುಡಿಸಬೇಡಿ. ಫ್ಯಾನು, ಎ.ಸಿ. ಆರಿಸಿ, ಬಾಗಿಲು ಎಳೆದುಕೊಂಡು ಬಂದು ಸೋಪು ಹಾಕಿ ಕೈ ತೊಳೆಯಿರಿ. ಮುಟ್ಟಿದವರ ಹೆಸರೆಲ್ಲ ಬರೆದಿಡಿ, ಆಸ್ಪತ್ರೆಯವರಿಗೂ ಪೊಲೀಸರಿಗೂ ಬೇಕಾಗುತ್ತದೆ. ಏನೂ ಇರಲಿಲ್ಲವೆಂದು ಆಮೇಲೆ ಯಾರಾದರೂ ನಕ್ಕರೆ ನಗಲಿ.

ಇಷ್ಟನ್ನೂ ದಪ್ಪ ಅಕ್ಷರದ ಕನ್ನಡದಲ್ಲಿ ಒಂದು ಹಾಳೆಗೆ ಅಚ್ಚು ಹಾಕಿದ್ದೇನೆ. ಸಂಘದ ಹುಡುಗರ ಕೈಯಲ್ಲಿ ನಾಲ್ಕೂ ಊರಿಗೆ ಕಳಿಸುತ್ತಿದ್ದೇನೆ, ದುಡ್ಡು ಬೇಡ. ನಿಮ್ಮ ಗೇಟಿನ ಹತ್ತಿರ ಅಂಟಿಸಿ. ಆಡಳಿತದವರು ಬೇಡ ಅಂದರೆ, ಬೇಡವೆಂದು ಬರೆದು ಸಹಿ ಮಾಡಿಕೊಡಿ ಎಂದು ಕೇಳಿ.