ಸಂಕರ ಕಪ್ಪೆ ಕಲಿಸುವ ಪಾಠ



ಸಂಕರ ಜೋಳವನ್ನೋ ಸಂಕರ ಹತ್ತಿಯನ್ನೋ ಬೆಳೆದ ನಿಮಗೆ ಒಂದು ಮಾತು ಚೆನ್ನಾಗಿ ಗೊತ್ತು. ಆ ಬೆಳೆಯಿಂದಲೇ ಬೀಜ ತೆಗೆದಿಟ್ಟು ಮರುವರ್ಷ ಬಿತ್ತಿದರೆ ಮೊದಲಿನ ಫಲ ಬಾರದು. ಸಂಕರ ಬೀಜ ಬೇಕೆಂದರೆ ತಂದೆ ತಾಯಿ ತಳಿಗಳೆರಡೂ ಉಳಿದಿರಬೇಕು. ಇದೇ ಪಾಠ ಹೇಳುವ ಕಪ್ಪೆಯೊಂದು ಯೂರೋಪಿನಲ್ಲಿ ಉಂಟು.

ಫ್ರಾನ್ಸಿನಿಂದ ರಷ್ಯಾದವರೆಗೆ ಹೊಂಡ, ಕೆರೆ, ನಿಧಾನವಾಗಿ ಹರಿಯುವ ಕಾಲುವೆಗಳಲ್ಲಿ ಈ ಹಸಿರು ಕಪ್ಪೆಯ ವಾಸ. ಜನ ಇದರ ಕಾಲುಗಳನ್ನು ತಿನ್ನುವುದರಿಂದ ‘ಊಟದ ಕಪ್ಪೆ’ ಎಂದೇ ಹೆಸರು. 1758ರಲ್ಲಿ ಲಿನೇಯಸ್ ಇದನ್ನು ಒಂದು ಜಾತಿಯೆಂದು ಬಗೆದು ಹೆಸರಿಟ್ಟನು. 1960ರ ದಶಕದಲ್ಲಿ ಪೋಲೆಂಡಿನ ವಿಜ್ಞಾನಿ ಲೆಶೆಕ್ ಬೆರ್ಗರ್ ಕಪ್ಪೆಗಳನ್ನು ಕೂಡಿಸಿ ನೋಡಿ, ಇದು ಎರಡು ಜಾತಿಗಳ ಸಂಕರವೆಂದು ತೋರಿಸಿದರು. ಒಂದು, ಸಣ್ಣ ಹೊಂಡಗಳ ಕಪ್ಪೆ; ಇನ್ನೊಂದು, ದೊಡ್ಡ ಕೆರೆ ನದಿಗಳ ಜೌಗು ಕಪ್ಪೆ.

ಈ ಸಂಕರದ ಬಾಳು ವಿಚಿತ್ರವಾದುದು. ಬಹುಪಾಲು ಕಡೆ, ಮೊಟ್ಟೆ ಅಥವಾ ವೀರ್ಯ ಕಟ್ಟುವಾಗ ಅದು ಹೊಂಡದ ಕಪ್ಪೆಯಿಂದ ಬಂದ ವಂಶವಾಹಿಗಳನ್ನು ಕೈಬಿಟ್ಟು, ಜೌಗು ಕಪ್ಪೆಯವನ್ನು ಮಾತ್ರ ಮುಂದೆ ಸಾಗಿಸುತ್ತದೆ. ಆದ್ದರಿಂದ ಮತ್ತೆ ಹೊಂಡದ ಕಪ್ಪೆಯೊಡನೆ ಕೂಡಿದರೇನೇ ಸಂಕರ ಮರಿ ಹುಟ್ಟುವುದು. ಸಂಕರಕ್ಕೆ ಸಂಕರ ಕೂಡಿದರೆ ಮರಿಗಳು ಸಾಮಾನ್ಯವಾಗಿ ಬದುಕುವುದಿಲ್ಲ. ಹೊಂಡ ಮುಚ್ಚಿ ಅದರ ಕಪ್ಪೆ ಅಳಿದರೆ, ಗಟ್ಟಿಮುಟ್ಟಾದ ಸಂಕರವೂ ಅದರ ಹಿಂದೆಯೇ ಹೋಗುತ್ತದೆ.

ನಮ್ಮ ಗದ್ದೆಯ ಕಪ್ಪೆ ಸಂಕರವಲ್ಲ. ಆದರೂ ಅದರ ಕಥೆ ಯೂರೋಪಿನ ಊಟದ ತಟ್ಟೆಗೆ ತಗಲಿದೆ. ಅಲ್ಲಿನ ಕಪ್ಪೆ ಸಾಲದೆ ಹೋದಾಗ ವ್ಯಾಪಾರಿಗಳು ಇತ್ತ ಕೈಚಾಚಿದರು; ಟನ್ನುಗಟ್ಟಲೆ ಕಪ್ಪೆಕಾಲು ಭಾರತದಿಂದ ಹಡಗೇರಿತು. ಪೈರಿನ ಕೀಟ ತಿನ್ನುವ ಕಪ್ಪೆಯನ್ನು ಮಾರಿ ಕೀಟನಾಶಕ ಕೊಳ್ಳುವುದು ಯಾವ ಲಾಭವೆಂಬ ಪ್ರಶ್ನೆ ಎದ್ದಿತು. 1987ರಲ್ಲಿ ಭಾರತ ಸರ್ಕಾರ ಈ ರಫ್ತನ್ನು ನಿಷೇಧಿಸಿತು.

ರಫ್ತು ನಿಲ್ಲಿಸಲು ಸರ್ಕಾರದ ಆಜ್ಞೆ ಬೇಕಾಯಿತು. ಕುಂಟೆ ಉಳಿಸಲು ನಿಮ್ಮ ಮನಸ್ಸು ಸಾಕು. ಹೊಲದ ಮೂಲೆಯ ತಗ್ಗು ವ್ಯರ್ಥವೆಂದು ಮಣ್ಣು ತುಂಬಬೇಡಿ. ಔಷಧಿ ಹೊಡೆದ ಪಂಪನ್ನು ಅದರಲ್ಲಿ ತೊಳೆಯಬೇಡಿ. ದಡದ ಜೊಂಡನ್ನು ಪೂರ್ತಿ ಸವರಬೇಡಿ. ಮುಂಗಾರಿನ ಮೊದಲ ಮಳೆಗೆ ಕಪ್ಪೆ ಮೊಟ್ಟೆಯಿಡುವುದು ಅಲ್ಲಿಯೇ.

ಅರ್ಧ ಗುಂಟೆ ನೆಲ ಹೋಯಿತೆಂದು ಕೊರಗಬೇಡಿ. ಅಲ್ಲಿ ಹುಟ್ಟಿದವರು ರಾತ್ರಿಯೆಲ್ಲ ಕೂಲಿಯಿಲ್ಲದೆ ನಿಮ್ಮ ಪೈರು ಕಾಯುತ್ತಾರೆ.